ಮೂರನೆಯ ಸಲ ಕೇಳುವ ಹಡಗು

ಎರಡು ಹಡಗು ಹತ್ತಿ ಇಳಿದವಳು ಅಂತ ನಮ್ಮ ಲೇಡೀಸ್ ಕ್ಲಬ್ಬಿನಲ್ಲಿ ನನಗೀಗ ಒಂದು ಸಣ್ಣ ಸ್ಟೇಟಸ್ಸು ಬಂದಿದೆ. ದಾವಣಗೆರೆಯಿಂದ ಸಮುದ್ರಕ್ಕೆ ಹೋಗಬೇಕೆಂದರೆ ಘಟ್ಟ ಇಳಿಯಬೇಕು. ಇಲ್ಲಿ ನೀರಿನ ಮಾತು ಅಂದರೆ ನಲ್ಲಿಯಲ್ಲಿ ಯಾವಾಗ ಬಿಡುತ್ತಾರೆ ಅನ್ನುವ ಮಾತು; ಅದು ಬಿಟ್ಟರೆ ಹರಿಹರದ ಹೊಳೆ. ಹಾಗಾಗಿ ಯಾರ ಮನೆಯಲ್ಲಾದರೂ ಕ್ರೂಸ್ ಅನ್ನುವ ಶಬ್ದ ಎದ್ದರೆ ನನಗೆ ಫೋನು ಬರುತ್ತದೆ. ಮೊನ್ನೆ ಕ್ಲಬ್ಬಿನಲ್ಲಿ ಒಬ್ಬರು, ಮಗಳು ಅಳಿಯನ ಜೊತೆ ಹೊರಟವರು, ಬೋಂಡಾ ತಿನ್ನುತ್ತಾ ಕೇಳಿದರು: “ಆ ದುಬಾರಿ ಹಡಗಿಗೂ, ಎಲ್ಲಾರೂ ಹೋಗೋ ಹಡಗಿಗೂ ಏನ್ರಿ ಡಿಫರೆನ್ಸು? ನೀರು ಅದೇ ಅಲ್ಲೇನ್ರಿ?”

ನೀರು ಅದೇ. ನಾನು ಬ್ರೋಷರಿನಲ್ಲಿ ಇರುವ ಉತ್ತರವನ್ನೇ ಕೊಟ್ಟೆ. ದುಬಾರಿ ಹಡಗು ಸಣ್ಣದು, ರೂಮು ದೊಡ್ಡದು. ಅಗ್ಗದ್ದರಲ್ಲಿ ಹಡಗು ದೊಡ್ಡದು, ರೂಮು ಸಣ್ಣದು. ಅಲ್ಲಿ ಕ್ಯೂ ಇಲ್ಲ, ಇಲ್ಲಿ ಕ್ಯೂ ಬಿಟ್ಟರೆ ಬೇರೇನಿಲ್ಲ. ಅವರು ತಲೆ ಆಡಿಸಿ ಚಟ್ನಿ ಕಡೆ ಕೈ ಚಾಚಿದರು. ನಿಜವಾದ ಉತ್ತರ ಕ್ಲಬ್ಬಿನ ಒಂದು ಕಪ್ ಟೀ ಮುಗಿಯುವುದರೊಳಗೆ ಹೇಳುವಂಥದ್ದಲ್ಲ. ಅದನ್ನು ನನಗೆ ಹೇಳಿಕೊಟ್ಟವಳು ನನ್ನ ನಾದಿನಿ. ಹಾಗಾಗಿ ಅವಳಿಂದಲೇ ಶುರು ಮಾಡಬೇಕು.

ನನ್ನ ಗಂಡನಿಗೆ ಒಬ್ಬ ತಂಗಿ, ಒಬ್ಬ ತಮ್ಮ. ತಂಗಿಯನ್ನು ಭಾನುವಳ್ಳಿಗೆ ಕೊಟ್ಟಿದ್ದರು. ಚಿಕ್ಕ ವಯಸ್ಸಿಗೇ ಅವಳ ಗಂಡ ತೀರಿಹೋಗಿ, ಅಣ್ಣ ಹೋಗಿ ಕರೆದುಕೊಂಡು ಬಂದರು. ಅಂದಿನಿಂದ ಅವಳು ನಮ್ಮ ಮನೆಯವಳು. ನಾನು ಕಾಲೇಜಿಗೆ ಹೋಗಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ, ಅವಳು ಮನೆ ನೋಡುತ್ತಿದ್ದಳು. ನನ್ನ ಮಗಳಿಗೆ ಗ್ರಾಮರ್ ನಾನು ಕಲಿಸಿದೆ, ರೊಟ್ಟಿ ಬಡಿಯುವುದನ್ನು ಅವಳು ಕಲಿಸಿದಳು. ಮಗಳಿಗೆ ಇವತ್ತು ಯಾವುದು ಹೆಚ್ಚು ಉಪಯೋಗಕ್ಕೆ ಬರುತ್ತಿದೆ ಅಂತ ನಾನು ಕೇಳಲು ಹೋಗಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ನಾವಿಬ್ಬರೇ ಹೆಂಗಸರು, ಮಹಡಿಯ ಮೇಲೆ ಬಾಡಿಗೆಯವರ ಗದ್ದಲ. ಒಳ್ಳೆಯ ಸಂಸಾರವೇ ನಮ್ಮದು. ಬೆಳಿಗ್ಗೆ ಯಾರು ಮೊದಲು ಎದ್ದರೂ ಶುಂಠಿ ಜಜ್ಜಿ ಇಬ್ಬರಿಗೂ ಟೀ ಮಾಡಬೇಕು ಅನ್ನುವುದೊಂದೇ ರೂಲು. ಯಾವಾಗಲೂ ಅವಳೇ ಮೊದಲು ಏಳುತ್ತಿದ್ದಳು ಅನ್ನುವುದು ಬೇರೆ ವಿಷಯ.

ನಾನು ಬೆಳೆದದ್ದು ಬೋರ್ಡಿಂಗಿನಲ್ಲಿ, ಸಿಸ್ಟರುಗಳ ಕೈಯಲ್ಲಿ. ಅವರು ನಮಗೆ ಕಲಿಸಿದ ಮ್ಯಾನರ್ಸಿನಲ್ಲಿ ಒಂದು ಗಟ್ಟಿ ನಿಯಮವಿತ್ತು: ಯಾರಿಗಾದರೂ ಏನಾದರೂ ಬೇಕೇ ಅಂತ ಒಂದು ಸಲ ಕೇಳು, ನೈಸಾಗಿ ಕೇಳು, ‘ನೋ, ಥ್ಯಾಂಕ್ ಯೂ’ ಅಂದರೆ ಸುಮ್ಮನಾಗು. ಮತ್ತೆ ಕೇಳುವುದು ಅಸಭ್ಯತೆ. ಈ ನಿಯಮ ಹಿಡಿದುಕೊಂಡು ಮದುವೆಯಾಗಿ ಬಂದವಳಿಗೆ ಈ ಸೀಮೆಯ ಊಟದ ಮನೆ ಬೇರೆ ದೇಶವೇ ಆಗಿತ್ತು. ಇಲ್ಲಿ ಮೊದಲನೆಯ ‘ಬ್ಯಾಡ’ ಬರೀ ಮರ್ಯಾದೆಗೆ. ಎರಡನೆಯ ‘ಬ್ಯಾಡ’ ಬಡಿಸುವವರ ಮನಸ್ಸು ನೋಡಲಿಕ್ಕೆ. ಮೂರನೆಯದು ಮಾತ್ರ ನಿಜ. ತಟ್ಟೆಯ ಮೇಲೆ ಅಡ್ಡ ಹಿಡಿದ ಕೈಯನ್ನೂ ಓದಬೇಕು. ಬೆರಳುಗಳ ನಡುವೆ ಸಂದು ಇದ್ದರೆ ಹಾಕು ಅಂತ ಅರ್ಥ, ಬೆರಳು ಜೋಡಿಸಿ ಅಂಗೈ ಮುಚ್ಚಿದ್ದರೆ ಹೊಟ್ಟೆ ತುಂಬಿದೆ ಅಂತ. ಮದುವೆಯಾದ ಹೊಸದರಲ್ಲಿ ಎಷ್ಟೋ ನೆಂಟರು ನನ್ನ ಕೈಯಲ್ಲಿ ಅರೆಹೊಟ್ಟೆ ಉಂಡು ಹೋದರು. ‘ಇಂಗ್ಲಿಷ್ ಸೊಸೆ ಬಡಿಸ್ತಾಳಂತ, ಮನೆಯಾಗೆ ಉಂಡು ಹೋಗ್ರಿ’ ಅಂತ ಒಂದು ಗಾದೆಯೇ ಹುಟ್ಟಿತ್ತಂತೆ. ನಾದಿನಿ ಬಂದಮೇಲೆ ಸೌಟು ಅವಳ ಕೈಗೆ ಹೋಯಿತು, ನೆಂಟರು ಬದುಕಿದರು. ಸೌಟು ಹೋದಮೇಲೆ ನಾನು ಆ ಪಾಠ ಕಲಿಯುವ ಗರಜೂ ಉಳಿಯಲಿಲ್ಲ.

ಮೊದಲನೆಯ ಹಡಗಿಗೆ ನಾವಿಬ್ಬರೂ ಹೋದದ್ದು ಕ್ಲಬ್ಬಿನ ಗ್ರೂಪಿನ ಜೊತೆ. ಮುಂಬಯಿಯಲ್ಲಿ ಹತ್ತಿ ಗೋವಾ ಕಡೆ ಹೋಗಿ, ಲಕ್ಷದ್ವೀಪ ತೋರಿಸಿ ವಾಪಸು ಬಿಡುವಂಥದ್ದು. ಹಡಗು ಅಂದರೆ ಹಡಗಲ್ಲ ಅದು, ನಮ್ಮ ಪಿ.ಬಿ. ರೋಡಿನ ಮೇಲಿರುವ ಎಲ್ಲ ಕಲ್ಯಾಣ ಮಂಟಪಗಳನ್ನೂ ಒಂದರ ಮೇಲೊಂದು ಪೇರಿಸಿ, ಎಲ್ಲದರಲ್ಲೂ ಒಂದೇ ದಿನ ಮದುವೆ ಇಟ್ಟುಕೊಂಡ ಹಾಗೆ. ಹತ್ತುವುದಕ್ಕೆ ಕ್ಯೂ, ಕೊರಳಿಗೆ ಒಂದು ಕಾರ್ಡು, ಆಮೇಲೆ ಲೈಫ್ ಜಾಕೆಟ್ಟಿನ ಡ್ರಿಲ್ಲಿಗೆ ಇನ್ನೊಂದು ಕ್ಯೂ. ನಮ್ಮ ರೂಮಿಗೆ ಕಿಟಕಿಯೇ ಇರಲಿಲ್ಲ. ಸಮುದ್ರದ ಮಧ್ಯೆ ಇದ್ದೀವಿ ಅನ್ನುವುದಕ್ಕೆ ಗೋಡೆಯ ಮೇಲಿನ ಸಮುದ್ರದ ಫೋಟೋ ಒಂದೇ ಸಾಕ್ಷಿ. “ನಮ್ಮ ದೇವ್ರ ಮನಿ ಇದಕ್ಕಿಂತ ದೊಡ್ಡದೈತೆ” ಅಂದಳು ನಾದಿನಿ, ಆದರೆ ಬೈಯುವ ಧಾಟಿಯಲ್ಲಿ ಅಲ್ಲ. ಹಾಸಿಗೆಯ ಮೇಲೆ ಟವೆಲ್ಲನ್ನು ಆನೆಯ ಹಾಗೆ ಮಡಚಿ ಇಟ್ಟಿದ್ದರು. ಆ ಆನೆಯನ್ನು ಬಿಚ್ಚಲು ಅವಳಿಗೆ ಮನಸ್ಸು ಬರಲಿಲ್ಲ. ಸೆರಗಿನಲ್ಲೇ ಮುಖ ಒರೆಸಿಕೊಂಡಳು, ಆನೆಗೆ ಮೇಜಿನ ಮೇಲೆ ಜಾಗ ಮಾಡಿಕೊಟ್ಟಳು.

ಎಲ್ಲದಕ್ಕೂ ಒಂದು ಅನೌನ್ಸ್‌ಮೆಂಟು. ಈಗ ಬಿಂಗೋ, ಈಗ ಡ್ಯಾನ್ಸು, ಈಗ ಸೇಲು. ಹೆಜ್ಜೆಗೊಬ್ಬ ಫೋಟೋಗ್ರಾಫರು ನಗಿಸಿ ಫೋಟೋ ತೆಗೆಯುವುದು, ಸಂಜೆ ಅದನ್ನೇ ಮಾರಲು ಗೋಡೆಗೆ ತೂಗುಹಾಕುವುದು. ತಂಪು ಪಾನೀಯಕ್ಕೂ ಕಾರ್ಡು ಉಜ್ಜಬೇಕು. ಊಟ ಮಾತ್ರ ಎಷ್ಟು ಬೇಕೋ ಅಷ್ಟು, ಬಫೆ. ತಟ್ಟೆ ಹಿಡಿದು ನಿಂತರಾಯಿತು. ಮೊದಲನೆಯ ದಿನ ನಾದಿನಿಗೆ ಅದೇ ದೊಡ್ಡ ಸಂಕಟ. ಯಾರೂ ‘ಹಾಕ್ಲಾ’ ಅನ್ನಲಿಲ್ಲ, ‘ಬ್ಯಾಡ’ ಅನ್ನುವ ಅವಕಾಶವೇ ಸಿಗಲಿಲ್ಲ. ಕೇಳುವವರಿಲ್ಲದೆ ತಾನೇ ಬಡಿಸಿಕೊಂಡು ತಿನ್ನುವುದು ದನ ಮೇಯುವ ರೀತಿ ಅಂತ ಅವಳ ಅಭಿಪ್ರಾಯ. ಎರಡು ಪೂರಿ ತೆಗೆದುಕೊಂಡು, ಕದ್ದವಳ ಹಾಗೆ ಮೂಲೆಯಲ್ಲಿ ಕೂತು ತಿಂದಳು.

ಎರಡನೆಯ ದಿನ ಅವಳೇ ದಾರಿ ಕಂಡುಕೊಂಡಳು. ಬಫೆಯಲ್ಲಿ ಗುಜರಾತಿನ ಅಜ್ಜ ಒಬ್ಬರು ನಡುಗುವ ಕೈಯಲ್ಲಿ ಸೌಟು ಹಿಡಿದು ಒದ್ದಾಡುತ್ತಿದ್ದರು. ಇವಳು ಸೌಟು ಕಸಿದುಕೊಂಡು ಅವರ ತಟ್ಟೆಗೆ ಪಲ್ಯ ಹಾಕಿದಳು. ಅವರು “ಬಸ್, ಬಸ್” ಅಂದರು. ಎರಡು ಸಲ ಬಸ್ ಅಂದರೆ ಇನ್ನೂ ಒಂದು ಸೌಟಿಗೆ ಜಾಗ ಇದೆ ಅಂತಲೇ ಇವಳ ಲೆಕ್ಕ. ಅಜ್ಜ ನಕ್ಕರು. ಹಿಂದಿದ್ದವರೂ ತಟ್ಟೆ ಮುಂದೆ ಹಿಡಿದರು. ನಾನು ಓಡಿ ಅಲ್ಲಿಗೆ ತಲುಪುವಷ್ಟರಲ್ಲಿ ಆ ಕೌಂಟರಿನಲ್ಲಿ ನಮ್ಮ ಊರಿನ ಪಂಕ್ತಿಯೇ ಶುರುವಾಗಿತ್ತು. ಎತ್ತರದ ಟೋಪಿಯ ಬಾಣಸಿಗರೊಬ್ಬರು ಬಂದು, ಬಹಳ ಗೌರವದಿಂದ ಸೌಟು ವಾಪಸು ತೆಗೆದುಕೊಂಡು, ಇವಳನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಒಂದು ಸಲ್ಯೂಟು ಹೊಡೆದು ಹೋದರು. ಸಂಜೆ ಡೆಕ್ಕಿನ ಮೇಲೆ ಅವಳು ಮನೆಯಿಂದ ತಂದ ಖಾರ ಮಂಡಕ್ಕಿಯ ಚೀಲ ಬಿಚ್ಚಿದಳು. ಕೊನೆಯ ದಿನದ ಹೊತ್ತಿಗೆ ಅರ್ಧ ಹಡಗು ಅವಳನ್ನು ‘ಆಂಟೀಜಿ’ ಅನ್ನುತ್ತಿತ್ತು. ಇಳಿಯುವಾಗ ಆನೆಯನ್ನು ಹಾಗೇ ಬಿಟ್ಟು ಬಂದದ್ದಕ್ಕೆ ಸ್ವಲ್ಪ ಬೇಜಾರು ಮಾಡಿಕೊಂಡಳು.

ಅದಾಗಿ ಒಂದು ವರ್ಷದ ಮೇಲೆ ನನ್ನ ಮೈದುನ ಹರಿಹರದಿಂದ ಬಂದ. ಹೊಳೆಯ ಹತ್ತಿರ ಅವನ ಮನೆ. ಹೆಂಡತಿಗೆ ಮಂಡಿನೋವು, ಮೊಮ್ಮಕ್ಕಳ ಓಡಾಟ. ಅಕ್ಕ ಬಂದು ನಮ್ಮ ಜೊತೆಗಿರಲಿ, ಇಷ್ಟು ವರ್ಷ ಅಣ್ಣನ ಮನೆಯಲ್ಲಿ ಇದ್ದದ್ದಾಯಿತು, ಇನ್ನು ತಮ್ಮನ ಸರದಿ ಅಂದ. ಅವನು ಈ ಸೀಮೆಯವನು, ಕೇಳುವ ಕಲೆ ಬಲ್ಲವನು. ಬರುವಾಗ ಕೇಳಿದ, ಉಣ್ಣುವಾಗ ಕೇಳಿದ, ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದ, ಆಮೇಲೆ ವಾರಗಟ್ಟಲೆ ಫೋನಿನಲ್ಲಿ ಕೇಳಿದ. ಅವಳು ಪ್ರತಿ ಸಲವೂ “ನೋಡಾನ ತಡಿಯಪ್ಪಾ” ಅಂದಳು.

ಅವಳು ಹೋಗಬಾರದು ಅಂತ ನನಗೆ ಎಷ್ಟು ಆಸೆಯಿತ್ತೆಂದರೆ, ಆ ಆಸೆಯನ್ನು ನೋಡಿ ನನಗೇ ಭಯವಾಗುತ್ತಿತ್ತು. ಹುಟ್ಟಿದಾಗಿನಿಂದ ಇನ್ನೊಬ್ಬರು ಹೇಳಿದಲ್ಲಿ ಇದ್ದವಳು ಅವಳು. ಈ ಒಂದು ಸಲವಾದರೂ ತನ್ನ ಇಷ್ಟದ ಹಾಗೆ ಇರಲಿ, ನನ್ನ ಮುಲಾಜಿಗೆ ಇರುವುದು ಬೇಡ ಅನ್ನಿಸಿತು. ಹಾಗಾಗಿ ಒಂದು ಸಂಜೆ, ಸೊಪ್ಪು ಬಿಡಿಸುತ್ತಾ ಕೂತಾಗ, ಒಂದು ಸಲ ಕೇಳಿದೆ. ನೈಸಾಗಿ ಕೇಳಿದೆ. ನೀನು ಇಲ್ಲೇ ಇದ್ದರೂ ನನಗೆ ಸಂತೋಷ, ಹೋದರೂ ಸರಿ, ನಿನಗೆ ಯಾವುದು ಬೇಕು?

“ಬ್ಯಾಡ್ರಿ ಅತ್ತಿಗೆ, ನಿಮಗ್ಯಾಕ ತ್ರಾಸು. ಅವ್ನೂ ಕರೀತಾ ಇದಾನೆ” ಅಂದಳು, ಸೊಪ್ಪಿನಿಂದ ಕಣ್ಣೆತ್ತದೆ.

ನಾನು ‘ಸರಿ’ ಅಂದೆ. ಸಿಸ್ಟರುಗಳು ಇದ್ದಿದ್ದರೆ ನನಗೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

ಹೋಗುವುದು ಗಟ್ಟಿಯಾಯಿತು. ಬೀಳ್ಕೊಡುಗೆಗೆ ಏನು ಕೊಡಲಿ ಅಂತ ಯೋಚಿಸಿದೆ. ನನ್ನ ಗಂಡ ಯಾವ ಕಾಲದಲ್ಲೋ ಆವರಗೆರೆಯಲ್ಲಿ ಒಂದು ಸೈಟು ತೆಗೆದುಹಾಕಿದ್ದರು, ಆಗ ಅಲ್ಲಿ ಜೋಳದ ಹೊಲವೇ ಕಾಣುತ್ತಿದ್ದದ್ದು. ಊರು ಅಲ್ಲಿಯವರೆಗೂ ನಡೆದುಕೊಂಡು ಹೋಗಿತ್ತು. ಸೈಟು ಮಾರಿದ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಕೂತಿತ್ತು. ನಾನು ಟ್ರಾವೆಲ್ಸಿನವರನ್ನು ಕರೆಸಿ, ಇದ್ದದ್ದರಲ್ಲಿ ಅತಿ ಒಳ್ಳೆಯ ಹಡಗು ಯಾವುದು ಅಂತ ಕೇಳಿದೆ. ಕೊಚ್ಚಿಯಲ್ಲಿ ಹತ್ತಿ, ಕೊಲಂಬೊ ಮುಟ್ಟಿ, ಸಿಂಗಪುರದಲ್ಲಿ ಇಳಿಯುವ ಒಂದನ್ನು ತೋರಿಸಿದರು; ನಮ್ಮಿಬ್ಬರಿಗೂ ಬುಕ್ ಮಾಡಿಸಿದೆ. ಅವಳನ್ನು ಜೀವಮಾನಕ್ಕೊಮ್ಮೆ ಯಾರಾದರೂ ಕೂರಿಸಿ, ಬಡಿಸಿ, ಬೇಕೇ ಬೇಕೇ ಅಂತ ಕೇಳಲಿ ಅಂತ ನನ್ನ ಆಸೆ. ಮುಗಿಸಿಕೊಂಡು ಬಂದಮೇಲೆ ಅವಳು ನೆಟ್ಟಗೆ ಹರಿಹರಕ್ಕೆ ಹೋಗುವುದು ಅಂತ ಮಾತಾಗಿತ್ತು. ಅವಳ ಟ್ರಂಕು ಮೊದಲೇ ಮೈದುನನ ಮನೆ ಸೇರಿತ್ತು.

ಈ ಹಡಗಿನಲ್ಲಿ ಕ್ಯೂ ಅನ್ನುವ ಪದವೇ ಇರಲಿಲ್ಲ. ನಮ್ಮ ಕೈಯ ಚೀಲಗಳು ಎಲ್ಲಿ ಮಾಯವಾದವೋ, ರೂಮಿಗೆ ಹೋಗುವಷ್ಟರಲ್ಲಿ ಅಲ್ಲಿ ಕೂತಿದ್ದವು. ರೂಮು ನಮ್ಮ ಹಾಲಿನಷ್ಟು, ಅದರಾಚೆ ಸಮುದ್ರಕ್ಕೆ ಮುಖ ಮಾಡಿದ ನಮ್ಮದೇ ಒಂದು ಬಾಲ್ಕನಿ. ತಲೆದಿಂಬು ಮೆತ್ತಗಿರಲೋ ಗಟ್ಟಿಯಿರಲೋ ಅಂತ ಆರಿಸಿಕೊಳ್ಳಬಹುದು. ಅನೌನ್ಸ್‌ಮೆಂಟು ಇಲ್ಲ, ಫೋಟೋ ಇಲ್ಲ, ಕಾರ್ಡು ಉಜ್ಜುವುದಿಲ್ಲ, ಯಾವುದಕ್ಕೂ ಸಹಿ ಹಾಕಬೇಕಾಗಿಲ್ಲ. ದೊಡ್ಡ ಹಡಗುಗಳು ಒಳಗೆ ಬರಲಾಗದ ಸಣ್ಣ ಸಣ್ಣ ರೇವುಗಳಿಗೂ ಇದು ಮೆಲ್ಲಗೆ ಹೋಗಿ ನಿಲ್ಲುತ್ತಿತ್ತು. ಜನ ಕಡಿಮೆ, ಬಹುತೇಕ ನಮ್ಮ ವಯಸ್ಸಿನ ಬಿಳಿಯರು, ಪುಸ್ತಕ ಓದುವವರು, ಎದುರಾದರೆ ಮುಗುಳ್ನಗುವವರು. ಲೈಬ್ರರಿಯೊಂದು ಹಡಗಾಗಿ ತೇಲಿದ ಹಾಗಿತ್ತು. ನನ್ನ ಬೋರ್ಡಿಂಗಿನ ದಿನಗಳೆಲ್ಲ ನೆನಪಾಗಿ, ನನಗೆ ಅಲ್ಲಿ ಬಹಳ ಹಿತವಾಯಿತು ಅಂತ ಹೇಳಲೇಬೇಕು.

ನಮ್ಮ ರೂಮುಗಳ ಸಾಲಿಗೆ ಒಬ್ಬ ಬಟ್ಲರ್. ಐವತ್ತು ದಾಟಿದ ಫಿಲಿಪೀನ್ಸಿನ ಮನುಷ್ಯ, ಕೋಟು ಹಾಕಿಕೊಂಡೇ ಹುಟ್ಟಿದ ಹಾಗಿದ್ದ. ಒಂದು ಸಲ ಕೇಳಿದ್ದನ್ನು ಅವನು ಮರೆಯುತ್ತಿರಲಿಲ್ಲ. ಓದುವಾಗ ನನಗೆ ಎಡಗಡೆ ದೀಪ ಬೇಕು ಅಂತ ಮೊದಲನೆಯ ದಿನ ಅಂದಿದ್ದೆ. ಮತ್ತೆ ಹೇಳಬೇಕಾಗಿ ಬರಲಿಲ್ಲ. ಲಕ್ಷುರಿ ಅಂದರೆ ಇದೇ ಅಂದುಕೊಂಡೆ. ಅಮೃತಶಿಲೆಯ ಬಾತ್‌ರೂಮಲ್ಲ, ನಾವು ಹೇಳಿದ ಒಂದು ಮಾತು ಇನ್ನೊಬ್ಬರ ತಲೆಯಲ್ಲಿ ಉಳಿಯುವುದು.

ಆದರೆ ನಾದಿನಿ ದಿನದಿಂದ ದಿನಕ್ಕೆ ಬಾಡುತ್ತಾ ಹೋದಳು. ಬೆಳಿಗ್ಗೆ ಬಾಲ್ಕನಿಗೆ ಟೀ ಬಂದರೆ ನನಗೊಂದೇ ಕಪ್ಪು. ನಿನಗೆ ಅಂದರೆ, ಹೊಟ್ಟೆ ತೊಳಸುತ್ತಿದೆ ಅನ್ನುತ್ತಿದ್ದಳು. ಹಡಗಿನ ತೂಗಾಟ ಇರಬಹುದು ಅಂತ ನಾನೂ ನಂಬಿದೆ. ಸಂಜೆಯ ಊಟಕ್ಕೆ ಸಿಹಿಯ ತಳ್ಳುಗಾಡಿ ಬರುತ್ತಿತ್ತು. ವೇಟರು ನನ್ನ ಮುಂದೆ ಅದನ್ನು ನಿಲ್ಲಿಸಿ, ಇವಳ ಮುಂದೆ ಮಾತ್ರ ಹೆಚ್ಚಿದ ಹಣ್ಣಿನ ತಟ್ಟೆ ಇಡುತ್ತಿದ್ದ. ಸಿಹಿ ಅಂದರೆ ಬೆಲ್ಲದ ಚೂರನ್ನೂ ಬಿಡದವಳು ಆ ಹಣ್ಣನ್ನು ಫೋರ್ಕಿನಲ್ಲಿ ಅತ್ತಿತ್ತ ದೂಡುತ್ತಾ ಕೂರುತ್ತಿದ್ದಳು. ತಮ್ಮನ ಮನೆಗೆ ಹೋಗುವ ಖುಷಿಯಲ್ಲಿ ಇಲ್ಲಿ ಮನಸ್ಸು ನಿಲ್ಲುತ್ತಿಲ್ಲ ಅಂತ ನಾನು ಅರ್ಥ ಮಾಡಿಕೊಂಡೆ. ಆ ಅರ್ಥ ನನಗೆ ಸ್ವಲ್ಪ ಚುಚ್ಚಿತು ಕೂಡ.

ಕೊಲಂಬೊ ದಾಟಿದ ಮೇಲೆ, ಒಂದು ಬೆಳಿಗ್ಗೆ ನಾನು ಅರ್ಧ ಕುಡಿದಿಟ್ಟ ಟೀಯನ್ನು, ತಣ್ಣಗಾದದ್ದನ್ನು, ಅವಳು ಬಾಲ್ಕನಿಯ ಮೂಲೆಯಲ್ಲಿ ನಿಂತು ಗಟಗಟ ಕುಡಿಯುವುದನ್ನು ಕಂಡೆ.

“ಹೊಟ್ಟೆ ಸರಿಯಿಲ್ಲ ಅಂದ್ಯಲ್ಲ?” ಅಂದೆ.

“ಹೊಟ್ಟೆಗೆ ಏನಾಗೈತೆ, ಧಾಡಿ” ಅಂದಳು, ಕಪ್ಪು ಕೆಳಗಿಡುತ್ತಾ. “ಆ ಕೋಟಿನವ್ರು ನನಗೆ ಚಾ ಕೊಡಂಗಿಲ್ಲ.”

ನಿಧಾನಕ್ಕೆ ಎಲ್ಲ ಹೊರಗೆ ಬಂತು. ಮೊದಲನೆಯ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಬಟ್ಲರ್ ಟೀ ತಂದಿದ್ದ. ಕೆಟಲ್ಲು ಎತ್ತಿ, ಹುಬ್ಬು ಎತ್ತಿ ಕೇಳಿದ್ದ. ಹೊಸ ಜಾಗ, ಗುರುತಿಲ್ಲದ ಗಂಡಸು, ಮೇಲಾಗಿ ಅಷ್ಟು ಚೆಂದದ ಕೋಟು. ಇವಳು ಕಪ್ಪಿನ ಮೇಲೆ ಕೈ ಅಡ್ಡ ಹಿಡಿದಳು. ಬೆರಳು ಅಗಲಿಸಿಯೇ ಹಿಡಿದಿದ್ದೆ ಅಂತ ನನ್ನ ಮುಂದೆ ಹಿಡಿದೂ ತೋರಿಸಿದಳು. ಅವನು ಬಾಗಿ ನಮಸ್ಕರಿಸಿ ಕೆಟಲ್ಲು ಇಳಿಸಿದ. ಆಮೇಲೆ ಒಂದೇ ಕಪ್ಪು. ಸಿಹಿಯದ್ದೂ ಇದೇ ಕತೆ, ಮೊದಲನೆಯ ಸಂಜೆ ಒಂದು ‘ಬ್ಯಾಡ’, ಅಲ್ಲಿಗೆ ಮುಗಿಯಿತು. ಆ ಹಡಗಿನಲ್ಲಿ ಯಾರೂ ಏನನ್ನೂ ಮರೆಯುವುದಿಲ್ಲವಲ್ಲ.

ನಾನು ನಗುತ್ತಾ ಹೇಳಿದೆ, “ಅವನು ಕೇಳಿದ, ನೀನು ಬ್ಯಾಡ ಅಂದೆ. ಅವನದೇನು ತಪ್ಪು?”

“ಒಂದ್ಸಲ ಕೇಳಿದ್ರು” ಅಂದಳು ಅವಳು. ನಗುತ್ತಿರಲಿಲ್ಲ. “ಒಂದ್ಸಲ ಕೇಳಾದು ಕೊಡಾಕಲ್ರಿ ಅತ್ತಿಗೆ. ನಾಳೆ ಕೇಳ್ಲಿಲ್ಲ ಅನ್ನಿಸ್ಕಬಾರ್ದು ಅಂತ ಕೇಳಾದು. ಕೊಡೋ ಮನಸ್ಸಿದ್ದೋರು ಬಿಡ್ತಾರೇನ್ರಿ?”

ಸಮುದ್ರ ತನ್ನ ಪಾಡಿಗೆ ಹೊಳೆಯುತ್ತಿತ್ತು. ನನಗೆ ಸೊಪ್ಪು ಬಿಡಿಸಿದ ಸಂಜೆ ನೆನಪಾಯಿತು. ಬೇಕೆಂದರೆ ಇರು, ಹೋದರೂ ಸರಿ, ಒಂದು ಸಲ, ನೈಸಾಗಿ, ಕೆಟಲ್ಲು ಇಳಿಸಿ ಬಾಗಿ ನಮಸ್ಕಾರ. ಅವಳು ಆವತ್ತು ಯಾಕೆ ಸೊಪ್ಪಿನಿಂದ ಕಣ್ಣು ಎತ್ತಲಿಲ್ಲ ಅನ್ನುವುದು ನೆಲವೇ ಇಲ್ಲದ ಕಡೆ ಬಂದು ನನಗೆ ತಿಳಿಯಿತು. ಕೇಳಬೇಕಾಗಿ ಬಂತಲ್ಲ ಅಂತ ಅತ್ತಿಗೆ ಕೇಳುತ್ತಿದ್ದಾರೆ ಅಂದುಕೊಂಡಿದ್ದಳು ಅವಳು. ಅವಳ ತಮ್ಮ ಮಾತ್ರ ಬಿಡದೆ ಕೇಳುತ್ತಿದ್ದ.

ಮೊದಲು ಸುಲಭದ ಕೆಲಸ ಮಾಡಿದೆ. ಬಟ್ಲರನ್ನು ಕರೆದು, ಕ್ಲಾಸಿನಲ್ಲಿ ವಿವರಿಸುವ ಹಾಗೆ ವಿವರಿಸಿದೆ: ನಮ್ಮ ಕಡೆ ಮೂರು ಸಲ ಕೇಳಬೇಕು, ಮೂರನೆಯ ಉತ್ತರವನ್ನಷ್ಟೇ ನಂಬಬೇಕು, ಬೆರಳುಗಳನ್ನು ನೋಡಬೇಕು. ಅವನು ಗಂಭೀರವಾಗಿ ಕೇಳಿಸಿಕೊಂಡ. ಆಮೇಲೆ ಅವನ ಕೋಟು ಮೊದಲ ಬಾರಿಗೆ ಸ್ವಲ್ಪ ಸಡಿಲವಾಯಿತು. “ನನ್ನ ತಾಯಿಯ ಮನೆಯಲ್ಲೂ ಹೀಗೇ, ಮ್ಯಾಡಮ್” ಅಂದ. ಅವನ ಊರಿನಲ್ಲೂ ಮೊದಲನೆಯ ತುತ್ತಿಗೇ ಹೂಂ ಅನ್ನುವವರನ್ನು ಹೊಟ್ಟೆಬಾಕ ಅನ್ನುತ್ತಾರಂತೆ. ಆದರೆ ಈ ಹಡಗಿಗೆ ಸೇರಿದಾಗ ಮೊದಲು ಕೊಟ್ಟ ತರಬೇತಿಯೇ ಅದನ್ನು ಬಿಡಿಸುವುದು. ಇಲ್ಲಿ ಬರುವವರು ತಮ್ಮ ಒಂದು ಮಾತಿಗೆ ಬೆಲೆ ಸಿಗಲಿ ಅಂತಲೇ ಅಷ್ಟು ದುಡ್ಡು ಕೊಟ್ಟು ಬರುತ್ತಾರೆ, ಎರಡನೆಯ ಸಲ ಕೇಳಿದರೆ ಅವರಿಗೆ ಅವಮಾನವಾಗುತ್ತದಂತೆ.

ಮಾರನೆಯ ಬೆಳಿಗ್ಗೆ ಅವನು ಎರಡು ಕಪ್ಪು ತಂದ. “ಟೀ, ಮ್ಯಾಡಮ್?” ಅಂದ. ಇವಳು ಕೈ ಅಡ್ಡ ಹಿಡಿದಳು. “ಟೀ, ಮ್ಯಾಡಮ್?” ಇವಳು ತಲೆ ಆಡಿಸಿದಳು, ಕಣ್ಣು ಕೆಟಲ್ಲಿನ ಮೇಲೇ ಇತ್ತು. ಮೂರನೆಯ ಸಲ ಅವನು ಬಗ್ಗಿ ಬೆರಳುಗಳ ಸಂದನ್ನು ಡಾಕ್ಟರು ನೋಡುವ ಹಾಗೆ ನೋಡಿ, ಕೈಯ ಪಕ್ಕದಿಂದಲೇ ಟೀ ಸುರಿದ. “ಈಗ ಬುದ್ಧಿ ಬಂತು ನೋಡ್ರಿ ಈ ಮನುಷ್ಯಾಗೆ” ಅಂದಳು ಅವಳು. ಅವನಿಗೆ ಕನ್ನಡ ಬಾರದಿದ್ದರೂ ಆ ಸರ್ಟಿಫಿಕೇಟು ತಿಳಿಯಿತು. ಅಲ್ಲಿಂದ ಮುಂದೆ ಊಟದ ಹಾಲಿನ ವೇಟರುಗಳಿಗೂ ಅವನೇ ಪಾಠ ಮಾಡಿರಬೇಕು. ಸಿಹಿಯ ಗಾಡಿ ನಮ್ಮ ಮೇಜಿನ ಮುಂದೆ ಮೂರು ಸಲ ನಿಂತು ಮೂರು ಸಲ ಹೊರಡುವ ನಾಟಕವಾಡತೊಡಗಿತು. ಪಕ್ಕದ ಮೇಜಿನ ಬಿಳಿಯ ದಂಪತಿ ಓದುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದರು.

ಕಷ್ಟದ ಕೆಲಸ ಉಳಿದಿತ್ತು. ಸಿಂಗಪುರ ಇನ್ನೇನು ಬಂತು ಅನ್ನುವಾಗ ಡೆಕ್ಕಿನ ಮೇಲೆ ನಿಂತು ಎರಡನೆಯ ಸಲ ಕೇಳಿದೆ. ಹರಿಹರಕ್ಕೆ ಹೋಗಲೇಬೇಕೇ, ನನ್ನ ಜೊತೆ ಇದ್ದುಬಿಡಬಾರದೇ ಅಂದೆ. ಅವಳು ನನ್ನ ಮುಖ ನೋಡಿದಳು. ತಮ್ಮ ಕಾಯುತ್ತಿರುತ್ತಾನೆ, ಟ್ರಂಕು ಹೋಗಿದೆ, ಮಾತು ಕೊಟ್ಟಾಗಿದೆ ಅಂದಳು. ಕೈಗಳೆರಡೂ ಸೆರಗಿನೊಳಗೆ ಇದ್ದವು, ಬೆರಳು ಕಾಣಲಿಲ್ಲ.

ಇನ್ನು ಉಳಿದದ್ದು ಒಂದೇ ಸಲ. ಈ ಸೀಮೆಯಲ್ಲಿ ಇಷ್ಟು ವರ್ಷ ಬಾಳಿದ ಮೇಲೆ ಆ ಮೂರನೆಯದರ ತೂಕ ನನಗೆ ಅರ್ಥವಾದದ್ದು ಆಗ. ಮೊದಲೆರಡು ‘ಬ್ಯಾಡ’ಗಳಲ್ಲಿ ಇನ್ನೂ ಜಾಗವಿರುತ್ತದೆ, ಮೂರನೆಯದರ ಆಚೆ ಕೇಳುವುದಕ್ಕೆ ಏನೂ ಇರುವುದಿಲ್ಲ. ಅವಳಿಗೆ ನಿಜವಾಗಿಯೂ ತಮ್ಮನ ಮನೆಯೇ ಬೇಕಾಗಿದ್ದರೆ? ಆ ಹೊಳೆ, ಆ ಮಕ್ಕಳ ಓಡಾಟ, ದೊಡ್ಡ ಹಡಗಿನಂಥ ಆ ಮನೆಯ ಗದ್ದಲ ಅವಳಿಗೆ ಇಷ್ಟವೇ. ವಿಮಾನದಲ್ಲಿ ಕೇಳಲಿಲ್ಲ. ಬೆಂಗಳೂರಿನಲ್ಲಿ ಕೇಳಲಿಲ್ಲ. ರೈಲು ಹತ್ತಿದ ಮೇಲೆ ಚಿಕ್ಕಜಾಜೂರು ಬರಲಿ ಅಂದುಕೊಂಡೆ; ಚಿಕ್ಕಜಾಜೂರು ಬಂತು, ಹೋಯಿತು. ಅವಳು ಎದುರಿಗೆ ಕೂತು, ತಮ್ಮನ ಮನೆಯ ಮಕ್ಕಳಿಗೆ ಅಂತ ಹಡಗಿನಲ್ಲಿ ಕೂಡಿಹಾಕಿದ ಚಾಕಲೇಟುಗಳನ್ನು ಚೀಲದಲ್ಲಿ ಜೋಡಿಸುತ್ತಿದ್ದಳು.

ನಮ್ಮ ಕಡೆಯ ರೈಲಿನಲ್ಲಿ ಮೊದಲು ದಾವಣಗೆರೆ, ಆಮೇಲೆ ಹರಿಹರ. ನಾನು ಇಳಿಯಬೇಕು, ಅವಳು ಮುಂದೆ ಹೋಗಬೇಕು. ಸ್ಟೇಷನ್ನು ಬಂತು. ನನ್ನ ಸೂಟ್‌ಕೇಸನ್ನು ಯಾರೋ ಪುಣ್ಯಾತ್ಮರು ಪ್ಲಾಟ್‌ಫಾರ್ಮಿಗೆ ಇಳಿಸಿಕೊಟ್ಟರು. ಅವಳು ಬಾಗಿಲವರೆಗೂ ಬಂದು, ನನ್ನ ಮೊಣಕೈ ಹಿಡಿದು ಇಳಿಸಿದಳು. ಹುಷಾರು, ಬಿಪಿ ಮಾತ್ರೆ ಫ್ರಿಜ್ಜಿನ ಮೇಲಿದೆ ಅಂದಳು. ನಾನು ಕೆಳಗೆ ನಿಂತವಳು ಕೈ ಬಿಡಲಿಲ್ಲ.

“ಬಿಡ್ರಿ ಅತ್ತಿಗೆ, ಗಾಡಿ ಬಿಡ್ತೈತೆ” ಅಂದಳು.

ಕಲಿತ ಮ್ಯಾನರ್ಸೆಲ್ಲ ಆ ಪ್ಲಾಟ್‌ಫಾರ್ಮಿನ ಮೇಲೆ ಉದುರಿಹೋಯಿತು. “ನೀನಿಲ್ಲದ ಮನೆ ನನಗೆ ಬ್ಯಾಡ” ಅಂದೆ. ‘ಬೇಡ’ ಅಲ್ಲ, ‘ಬ್ಯಾಡ’ ಅಂತಲೇ ಬಾಯಿಗೆ ಬಂತು. “ಹೋದರೂ ಸರಿ ಅಂತ ಸುಳ್ಳು ಹೇಳಿದ್ದೆ. ಸರಿಯಿಲ್ಲ. ಇಳಿ.”

“ಇಷ್ಟು ಹೇಳಾಕೆ ಸಿಂಗಪುರ ತಿರುಗಿ ಬರಬೇಕಿತ್ತೇನ್ರಿ?” ಅಂದವಳು ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದೇಬಿಟ್ಟಳು. ಗಾಡಿ ಅಲುಗಾಡಿತು. ಅವಳ ಚೀಲಗಳು ಸೀಟಿನ ಮೇಲೇ ಇದ್ದವು. ಇಬ್ಬರೂ ಬಾಯಿ ಬಿಟ್ಟು ನೋಡುತ್ತಿದ್ದ ಹಾಗೆ ಅವು ಹರಿಹರಕ್ಕೆ ಹೋದವು.

ನಾವು ಆಟೋದಲ್ಲಿ ಕೂರುವ ಹೊತ್ತಿಗೆ ಮೈದುನನ ಫೋನು ಬಂತು. ಬೋಗಿಯೊಳಗೆ ಹತ್ತಿ ನೋಡಿದರೆ ಚೀಲ ಇದೆ, ಅಕ್ಕ ಇಲ್ಲ. ಪಕ್ಕದ ಸೀಟಿನವರು ‘ಅವರು ದಾವಣಗೆರೆಯಲ್ಲೇ ಇಳಿದರು’ ಅನ್ನುತ್ತಿದ್ದಾರೆ, ಏನು ಕತೆ ಅಂತ ಕೇಳಿದ. ನಾದಿನಿ ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಅವಳ ಕೈಗೆ ವಾಪಸು ಕೊಟ್ಟೆ. ಕೊನೆಗೆ ಅವಳೇ ಹೇಳಿದಳು: “ಚಾಕ್ಲೇಟು ಹುಡುಗ್ರಿಗೆ ಕೊಡು. ಟ್ರಂಕು ವಾಪಸ್ ತಗಂಬಾ. ಊಟಕ್ಕೆ ಬಾ.”

ಮಾರನೆಯ ದಿನವೇ ಬಂದ, ಟ್ರಂಕನ್ನು ಬಾಡಿಗೆ ಆಟೋದ ಹಿಂದೆ ಹಾಕಿಸಿಕೊಂಡು. ಮುಖ ಸ್ವಲ್ಪ ಗಂಟಿಕ್ಕಿತ್ತು. ಕೂತ, ನೀರು ಕುಡಿದ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಎರಡು ರೊಟ್ಟಿ ಮುಗಿಸಿದ. ಆಮೇಲೆ ತಟ್ಟೆ ನೋಡುತ್ತಲೇ ಕೇಳಿದ, “ಹಂಗಾರೆ ಬರಂಗಿಲ್ಲೇನಕ್ಕಾ?”

“ಬ್ಯಾಡೋ ಯಪ್ಪಾ” ಅಂದಳು. “ಹಬ್ಬಕ್ಕೆ ಬರ್ತೀನಿ. ನಿನ್ ಹೆಂಡ್ತಿ ಮಂಡಿಗೆ ಎಣ್ಣಿ ಕಾಸಿ ಕಳಿಸ್ತೀನಿ.”

ಅವನು ತಲೆ ಎತ್ತಿ ಅಕ್ಕನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಐದಾರು ಸಲ ಕೇಳುವ ಮನುಷ್ಯ ಎರಡನೆಯ ಸಲ ಕೇಳಲಿಲ್ಲ. ಅದೇ ಅವನ ಒಪ್ಪಿಗೆ. ಆಮೇಲೆ ಮುಖದ ಗಂಟು ಬಿಟ್ಟು, ಅದಿರಲಿ, ಎರಡರಲ್ಲಿ ಯಾವ ಹಡಗು ಚಲೋ ಇತ್ತು ಅಂತ ವಿಚಾರಿಸಿದ.

ನಾನು ಬಾಲ್ಕನಿ, ಲೈಬ್ರರಿ, ದಿಂಬು ಅಂತ ಶುರುಮಾಡುವಷ್ಟರಲ್ಲಿ ಅವಳು ಹೇಳಿದಳು, “ದೊಡ್ಡದು. ಅದ್ರಾಗೆ ಯಾರೂ ನಿನ್ನ ಕೇಳಂಗಿಲ್ಲ, ಆದ್ರೆ ನೀನು ಯಾರನ್ನಾದ್ರೂ ಕೇಳಬೌದು. ಸಣ್ಣದ್ರಾಗೆ ಎಲ್ಲಾ ಅವ್ರೇ ಕೇಳ್ತಾರೆ, ಒಂದ್ಸಲ.” ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ, “ಕೋಟಿನವ್ರು ಪಾಪ ಚಲೋರು” ಅಂತ ಸೇರಿಸಿದಳು.

ಕ್ಲಬ್ಬಿನವರಿಗೆ ನಾನು ಕೊಡಬೇಕಾಗಿದ್ದ ಉತ್ತರ ಅದು. ನನ್ನನ್ನು ಕೇಳಿದರೆ ನಾನು ಈಗಲೂ ಸಣ್ಣ ಹಡಗಿಗೇ ಹೋಗುವವಳು. ಒಂದು ಸಲ ಹೇಳಿದರೆ ಸಾಕಾಗುವ ಜಾಗದಲ್ಲಿ ನನಗೊಂದು ನೆಮ್ಮದಿಯಿದೆ. ಆದರೆ ಮನೆಯಲ್ಲಿ ಆ ಪದ್ಧತಿ ನಡೆಯುವುದಿಲ್ಲ ಅಂತ ಕಲಿತಿದ್ದೇನೆ. ಆವತ್ತು ರೊಟ್ಟಿಯ ಬುಟ್ಟಿ ನನ್ನ ಕೈಯಲ್ಲೇ ಇತ್ತು, ಎಷ್ಟೋ ವರ್ಷಗಳ ಮೇಲೆ ಬಡಿಸುವವಳು ನಾನಾಗಿದ್ದೆ. ಮೈದುನನಿಗೆ ಇನ್ನೊಂದು ಹಾಕಲೇ ಅಂದೆ. ಬ್ಯಾಡ್ರಿ ಅತ್ತಿಗೆ ಅಂದ. ಮತ್ತೆ ಕೇಳಿದೆ. ಬ್ಯಾಡ್ರಿ ಅಂತ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ನಾದಿನಿ ಒಲೆಯ ಮುಂದಿನಿಂದ ಕತ್ತು ಚಾಚಿ ನನ್ನನ್ನೇ ನೋಡುತ್ತಿದ್ದಳು. ಬಗ್ಗಿ ನೋಡಿದೆ. ಅವನ ಬೆರಳುಗಳ ನಡುವೆ ಒಂದು ಹಡಗೇ ದಾಟಿಹೋಗುವಷ್ಟು ಸಂದು ಇತ್ತು.